ಬೀರುವಿಗೆ ಒಂದು ಗೇಣು, ಬಾಯಿಗಲ್ಲ

"ಥೂ, ಗಂಡಸು ನೋಡ್ರೋ! ಬಾಯಿ ತೆರ್ಕೊಂಡು ಪಂಪು ಹೊಡ್ಕೋತಾನೆ, ಹಸುಗೂಸು!"

ಕಬ್ಬಿಣದ ಬೀರು ಮಾಡುವ ಶೆಡ್ಡಿನ ಮಾಲೀಕ ಈ ಮಾತು ಅಂದದ್ದು ಎಂಟು ಜನರ ಮುಂದೆ. ವೆಲ್ಡರ್ ಕನ್ನಡಕ ಮೇಲೆತ್ತಿ ನಕ್ಕ. ಪೇಂಟರ್ ತನ್ನ ಉಬ್ಬಸದ ನೀಲಿ ಪಂಪನ್ನು, ಅಂದರೆ ಇನ್ಹೇಲರನ್ನು, ಜೇಬಿಗೆ ತುರುಕಿಕೊಂಡ. ಹಲ್ಲು ಕಡಿದು ಸ್ಪ್ರೇ ಗನ್ ಎತ್ತಿಕೊಂಡ. ಆ ಶೆಡ್ಡಿಗೆ ಕಿಟಕಿ ಇಲ್ಲ. ಹಸಿ ಬಣ್ಣಕ್ಕೆ ಧೂಳು ಕೂತೀತು ಅಂತ ಬಾಗಿಲನ್ನೂ ಹಾಕಿಸುತ್ತಿದ್ದ ಆ ಪುಣ್ಯಾತ್ಮ ಮಾಲೀಕ. ಬೀರುವಿನ ಹೊಳಪಿಗಿರುವ ಬೆಲೆ ಮನುಷ್ಯನ ಉಸಿರಿಗಿಲ್ಲ!

ಮೂರನೇ ಬೀರುವಿಗೆ ಬಣ್ಣ ಹೊಡೆಯುವಾಗ ಅವನ ಎದೆ ಬಿಗಿಯಿತು. ಮತ್ತೆ ನಕ್ಕಾರು ಅಂತ ಶೆಡ್ಡಿನ ಹಿಂದಕ್ಕೆ ಹೋದ. ಬಾಯಿ ತೆರೆದ, ಪಂಪನ್ನು ದೂರ ಹಿಡಿದು ಎರಡು ಸಲ ಒತ್ತಿದ. ಏನೂ ಆಗಲಿಲ್ಲ. ಮತ್ತೆರಡು. ಎದೆ ಸಿಳ್ಳೆ ಹೊಡೆಯತೊಡಗಿತು. ನಕ್ಕಿದ್ದ ವೆಲ್ಡರನೇ ಬಂದು ನೋಡಿದಾಗ ತುಟಿ ನೀಲಿಗಟ್ಟಿತ್ತು. ಬೀರು ಸಾಗಿಸುವ ಗಾಡಿಯಲ್ಲೇ ಅವನನ್ನು ಮಲಗಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿಸಿದ.

ವೆಲ್ಡರನಿಂದ ನಡೆದದ್ದನ್ನೆಲ್ಲ ಕೇಳಿಕೊಂಡ ನರ್ಸಮ್ಮ ಮುಖಕ್ಕೆ ಮಾಸ್ಕ್ ಹಾಕಿ ಪಂಪಿನಲ್ಲಿದ್ದ ಅದೇ ಔಷಧವನ್ನು ಹೊಗೆಯಂತೆ ಕೊಟ್ಟರು. ಅರ್ಧ ಗಂಟೆಯಲ್ಲಿ ಹೋದ ಉಸಿರು ಬಂತು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಬಂದ ತಾಯಿ ಮಗನ ಕೈ ನೋಡಿ ಚೀರಿದಳು.

"ಅಯ್ಯೋ, ಕೈ ನಡುಗ್ತಿದೆ ಸಿಸ್ಟರ್! ಎದೆ ಡಬಡಬ ಅಂತಿದೆ! ಈ ಔಷಧಿ ಬೇಡ, ಚಟ ಹತ್ತುತ್ತೆ ಅಂತ ಬಾಯಿ ಬಾಯಿ ಬಡ್ಕೊಂಡೆ."

"ಅಮ್ಮಾ, ಹುಚ್ಚುನಾಯಿ ಅಟ್ಟಿಸ್ಕೊಂಡು ಬಂದ್ರೆ ಏನ್ಮಾಡ್ತೀರಿ?"

"ಓಡ್ತೀನಿ. ಇನ್ನೇನು, ನಿಂತು ಕುಶಲ ಕೇಳ್ತೀನಾ?"

"ಆಗ ಮೈಯಲ್ಲಿ ಅಡ್ರಿನಲಿನ್ ಅನ್ನೋದು ಉಕ್ಕುತ್ತೆ. ಎದೆ ಹೊಡ್ಕೊಳ್ಳುತ್ತೆ, ಉಸಿರಿನ ಕೊಳವೆ ಅಗಲ ಆಗುತ್ತೆ, ಕಾಲಿಗೆ ಬಲ ಬರುತ್ತೆ. ಈ ಔಷಧೀನೂ ಅದೇ ವಂಶದ್ದು. ಬಿಗಿದ ಕೊಳವೆಗೆ 'ಸಡಿಲ ಆಗು' ಅಂತ ಹೇಳುತ್ತೆ. ಕೈಗೂ ಎದೆಗೂ ಚೂರು ತಾಗುತ್ತೆ, ಅದಕ್ಕೇ ಈ ನಡುಕ. ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ. ಚಟ ಗಿಟ ಏನಿಲ್ಲ. ಜೇನು ಕಚ್ಚಿ ಗಂಟಲು ಊದ್ಕೊಂಡು ಬಿಪಿ ಬಿದ್ದೋರಿಗೆ ಅಡ್ರಿನಲಿನ್ನನ್ನೇ ತೊಡೆಗೆ ಚುಚ್ಚಿ ಉಳಿಸ್ಕೋತೀವಿ, ಗೊತ್ತಾ?"

ಆಮೇಲೆ ಅವನತ್ತ ತಿರುಗಿದರು. "ಪಂಪು ಹೇಗೆ ತಗೊಂಡೆ? ತೋರ್ಸು."

ಅವನು ಬಾಯಿಂದ ಒಂದು ಗೇಣು ದೂರ ಹಿಡಿದ.

"ಇದೇನು ಬೀರು ಬಾಗಿಲಾ?"

"ಹತ್ರ ಹಿಡಿದ್ರೆ ಬಣ್ಣದ ಥರ ಸೋರುತ್ತಲ್ಲ ಸಿಸ್ಟರ್..."

"ಸೋರೋದು ಬಣ್ಣ ಮಾರಾಯ, ಔಷಧಿ ಅಲ್ಲ! ಚೆನ್ನಾಗಿ ಅಲುಗಿಸು. ಉಸಿರು ಪೂರ್ತಿ ಬಿಡು. ತುಟೀಲಿ ಬಿಗಿಯಾಗಿ ಹಿಡ್ಕೊ. ನಿಧಾನಕ್ಕೆ ಉಸಿರು ಎಳೀತಾ ಒತ್ತು. ಹತ್ತು ಎಣಿಸೋವರೆಗೂ ಒಳಗೇ ಹಿಡಿ. ಇನ್ನೊಂದು ಕೇಳು, ಇದೊಂದನ್ನೇ ನಂಬ್ಕೋಬೇಡ. ಪದೇ ಪದೇ ಬೇಕಾಗ್ತಿದ್ರೆ ಕೊಳವೆ ಊತ ಇಳಿಸೋ ದಿನದ ಔಷಧಿ ಬೇರೆ ಇದೆ. ಬಣ್ಣದ ವಿಷಯಾನೂ ಡಾಕ್ಟರಿಗೆ ಹೇಳು. ಕಾಯಿಲೆ ಬೇರು ಅಲ್ಲೇ ಇರಬಹುದು."

ತಾಯಿ ಸೆರಗಿನಿಂದ ಪಂಪನ್ನು ಒರೆಸಿ ಮಗನ ಜೇಬಿಗಿಟ್ಟಳು. "ಇನ್ಮೇಲೆ ಇದನ್ನ ಬಿಟ್ಟು ಹೊಸ್ತಿಲು ದಾಟು, ಕಾಲು ಮುರೀತೀನಿ."

ಆಗ ಬಾಗಿಲಲ್ಲಿ ಮಾಲೀಕ ಕಾಣಿಸಿಕೊಂಡ. ದನಿ ಬೆಣ್ಣೆಯಾಗಿತ್ತು. "ನೋಡು, ಬಣ್ಣದಿಂದ ಆಯ್ತು ಅಂತ ಡಾಕ್ಟರ ಹತ್ರ ಬಾಯಿ ಬಿಡಬೇಡ ಕಣೋ. ನಿನ್ನ ಕೆಲಸ ಎಲ್ಲೂ ಹೋಗಲ್ಲ. ಏನಂತೀಯ?"

ಅವನು ಏನಂದ ಅನ್ನುವ ಮೊದಲು ನಿಮಗೊಂದು ಮಾತು. ಉಬ್ಬಸ ಇರುವವರೇ, ಪಂಪನ್ನು ಬಚ್ಚಿಡಬೇಡಿ, ಎಲ್ಲರೆದುರೇ ತೆಗೆಯಿರಿ. ಹಿಡಿಯುವ ರೀತಿಯನ್ನು ನರ್ಸಿಗೆ ತೋರಿಸಿ ತಿದ್ದಿಸಿಕೊಳ್ಳಿ. ಹೃದಯದ ತೊಂದರೆ, ಬಿಪಿ, ಥೈರಾಯ್ಡ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಪಂಪು ಎಳೆದರೂ ಉಸಿರು ತಿರುಗದಿದ್ದರೆ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಇನ್ನು ನೋಡಿ ನಗುವವರೇ, ಒಂದೇ ಒಂದು ನಿಮಿಷ ಮೂಗು ಬಾಯಿ ಮುಚ್ಚಿಕೊಂಡು ನಿಲ್ಲಿ. ಆಮೇಲೂ ನಗು ಬಂದರೆ ನಗಿ.

ಒಳಗಿಂದ ಡಾಕ್ಟರು ಕರೆದರು. ಪೇಂಟರ್ ಎದ್ದ. ಮಾಲೀಕನ ಎದುರೇ ಪಂಪನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದ. ಅವನನ್ನು ದಾಟಿಕೊಂಡು ಸೀದಾ ಡಾಕ್ಟರ ಕೋಣೆಯೊಳಕ್ಕೆ ನಡೆದು, "ಡಾಕ್ಟ್ರೇ, ಮೊದ್ಲು ಬಣ್ಣದ ವಿಷಯ ಹೇಳ್ತೀನಿ" ಅಂದ.