ಊದುವ ಪೆಟ್ಟಿಗೆ

ಬಸುರಿಯರಿಗೆ ಸಿಗರೇಟು ಬಿಡಿಸುವುದರಲ್ಲಿ ಆ ನರ್ಸಮ್ಮನದು ಪಳಗಿದ ಕೈ. ಬೈಯುತ್ತಿರಲಿಲ್ಲ, ಹೆದರಿಸುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು, ಯಾವ ಹೊತ್ತಿಗೆ ಚಪಲ ಹುಟ್ಟುತ್ತದೆ, ಆಗ ಕೈಗೆ ಏನು ಕೆಲಸ ಕೊಡಬೇಕು ಎಂದು ಸಾವಕಾಶವಾಗಿ ಮಾತಾಡುವಳು. ಆಮೇಲೆ ಅಂಗೈಯಗಲದ ಒಂದು ಪೆಟ್ಟಿಗೆಯ ಕೊಳವೆಗೆ ಊದಿಸುವಳು. ಉಸಿರಿನಲ್ಲಿ ಹೊಗೆಯ ವಿಷವಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಊದುವಾಗ ಮನೆಯವರೊಬ್ಬರು ಜೊತೆಗಿರಲೇಬೇಕು ಎಂಬುದು ಅವಳದೇ ಪದ್ಧತಿ. ಹಸಿರು ಕಂಡರೆ ಮನೆಯಲ್ಲಿ ಬಸುರಿಗೆ ಮರ್ಯಾದೆ ಹೆಚ್ಚುತ್ತದೆ ಎಂದು ಅವಳ ನಂಬಿಕೆ.

ಬೇಕರಿಯಲ್ಲಿ ದುಡಿಯುವ ಹೆಂಗಸೊಬ್ಬಳು ಅತ್ತೆಯೊಂದಿಗೆ ಬರುತ್ತಿದ್ದಳು. ಮೊದಲ ಬಸಿರು ನಿಂತಿರಲಿಲ್ಲ. ಇದಾದರೂ ಉಳಿಯಲಿ ಎಂದು ಸಿಗರೇಟು ಬಿಟ್ಟಿದ್ದಳು. ಬಂದಾಗಲೆಲ್ಲ ಹಸಿರು. ಈ ಸಲ ಊದಿದಾಗ ಕೆಂಪು ಹತ್ತಿತು.

"ಇನ್ನೊಂದ್ಸಲ ಊದು," ಎಂದಳು ನರ್ಸಮ್ಮ. ಮತ್ತೆ ಕೆಂಪು.

"ನಾನು ಮುಟ್ಟಿಲ್ಲ ಸಿಸ್ಟರ್. ಹೊಟ್ಟೇಲಿರೋ ಮಗು ಆಣೆಗೂ ಮುಟ್ಟಿಲ್ಲ."

"ಮಗು ಮೇಲೆ ಆಣೆ ಇಡಬೇಡ ಕಣಮ್ಮ. ಜಾರಿದ್ರೆ ಜಾರಿದೆ ಅನ್ನು, ನಾನೇನು ಬೈಯಲ್ಲ. ಸುಳ್ಳು ಮಾತ್ರ ಬೇಡ. ಈ ಪೆಟ್ಟಿಗೆಗೆ ಯಾರ ಮೇಲೂ ಹಗೆಯಿಲ್ಲ."

ಅತ್ತೆ ಕೈಚೀಲ ಎತ್ತಿಕೊಂಡಳು. "ನಾನೊಬ್ಬಳು ಪೆದ್ದಿ ಸಿಸ್ಟರ್. ಬಿಟ್ಟಳು ಅಂತ ಎರಡು ಹೊತ್ತೂ ಹಾಲು ಕಾಯಿಸಿ ಕೊಡ್ತಿದ್ದೆ. ಬೆಕ್ಕಿಗೆ ಹಾಕಿದ್ರೆ ಇಲಿಯಾದ್ರೂ ಹಿಡೀತಿತ್ತು."

ಸೊಸೆ ಕೊಳವೆಯ ತುದಿಯನ್ನು ಒರೆಸಿ ಮೇಜಿನ ಮೇಲಿಟ್ಟು ಎದ್ದಳು. ಮುಂದಿನ ಸಲ ಬರಲಿಲ್ಲ.

ನರ್ಸಮ್ಮನೇ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬೇಕರಿಗೆ ಹೋದಳು.

"ಹಿಂದುಗಡೆ ಹೋಗಿದ್ದಾಳೆ, ಬರ್ತಾಳೆ. ಒಳಗೆ ಕೂತಿರಿ," ಎಂದ ಮಾಲೀಕ. "ಹೊಟ್ಟೆ ಕಾಣೋಕೆ ಶುರುವಾದ ಮೇಲೆ ಕೌಂಟರಲ್ಲಿ ನಿಲ್ಲಿಸೋಕೆ ಮನಸ್ಸು ಬರಲಿಲ್ಲ ಸಿಸ್ಟರ್. ಒಲೆ ಪಕ್ಕ ಸ್ಟೂಲು ಹಾಕ್ಕೊಟ್ಟಿದ್ದೀನಿ. ಕೂತ್ಕೊಂಡೇ ಬ್ರೆಡ್ಡು ಕಟ್ತಾಳೆ."

ನರ್ಸಮ್ಮ ಆ ಸ್ಟೂಲಿನ ಮೇಲೆಯೇ ಕೂತಳು. ಹಿಟ್ಟು ಉಬ್ಬಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಕಟ್ಟಿಗೆಯ ಒಲೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಹೊಗೆಯೇನೂ ಕಣ್ಣಿಗೆ ಕಾಣಲಿಲ್ಲ. ಕಾದು ಕೂತವಳಿಗೆ ಹಣೆ ಸಿಡಿಯತೊಡಗಿತು. ಏನೋ ಹೊಳೆದು, ಪೆಟ್ಟಿಗೆ ತೆಗೆದು ತಾನೇ ಊದಿದಳು. ಜನ್ಮದಲ್ಲಿ ಸಿಗರೇಟು ಮುಟ್ಟದವಳ ಉಸಿರಿಗೂ ಕೆಂಪು ಹತ್ತಿತು.

ಒಲೆಯ ವಿಷಕ್ಕೂ ಸಿಗರೇಟಿನ ವಿಷಕ್ಕೂ ಈ ಪೆಟ್ಟಿಗೆ ಭೇದ ಮಾಡದು ಎಂದು ಇದನ್ನು ಬಳಸಲು ಕಲಿಸುವಾಗಲೇ ಹೇಳಿದ್ದರು. ಮಗುವಿಗೆ ಎರಡೂ ವಿಷವೇ. ಎಲ್ಲಿ ಕೂತು ಕೆಲಸ ಮಾಡುತ್ತೀ ಎಂದು ಒಂದು ಮಾತು ಕೇಳಲಿಲ್ಲವಲ್ಲ ದೇವರೇ, ಎಂದುಕೊಂಡು ಹಿಂಬಾಗಿಲಿಗೆ ಧಾವಿಸಿದಳು.

ಸೊಸೆ ಅಲ್ಲಿ ಗೋಡೆಗೊರಗಿ ನಿಂತಿದ್ದಳು. ಬೆರಳ ನಡುವೆ ಸಿಗರೇಟು. ಬಚ್ಚಿಡಲು ಹೋಗಲಿಲ್ಲ.

"ತಪ್ಪು ನಂದಮ್ಮ," ಎಂದಳು ನರ್ಸಮ್ಮ. "ಆವತ್ತು ನೀನು ಸೇದಿರಲಿಲ್ಲ. ಅದು ಆ ಒಲೆದು."

"ಸೇದಿರಲಿಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತಲ್ಲ ಸಿಸ್ಟರ್."

"ನಿಮ್ಮತ್ತೆಗೆ ನಾನೇ ಬಂದು ಹೇಳ್ತೀನಿ. ಇವತ್ತಿಂದ ಆ ಒಲೆ ಹತ್ರ ಕೂರಿಸಬೇಡಿ ಅಂತ ಮಾಲೀಕರಿಗೂ ಹೇಳ್ತೀನಿ. ಇದನ್ನ ಎಸೆದುಬಿಡು ಮಗಳೇ. ಮತ್ತೆ ಮೊದಲಿಂದ ಶುರು ಮಾಡೋಣ."

"ಬಿಡೋದು ಸುಲಭ ಇತ್ತು ಅಂದ್ಕೊಂಡ್ರಾ? ದಿಂಬು ಕಚ್ಚಿ ಹಿಡ್ಕೊಂಡು ಬಿಟ್ಟಿದ್ದೆ. ಗಂಡ ನಂಬಲಿಲ್ಲ, ಅತ್ತೆ ಅರ್ಧ ನಂಬಿದ್ರು. ನೀವೊಬ್ರು ಪೂರ್ತಿ ನಂಬಿದ್ದೀರಿ ಅಂತಲೇ ತಡ್ಕೊಂಡಿದ್ದೆ." ಅವಳು ಹೊಗೆ ಬಿಟ್ಟಳು. "ಅಷ್ಟು ಶಕ್ತಿ ಇನ್ನೊಂದ್ಸಲ ಎಲ್ಲಿಂದ ತರಲಿ?"

ನರ್ಸಮ್ಮ ಸಿಗರೇಟಿಗಾಗಿ ಕೈ ಚಾಚಿದಳು. ಅವಳು ಕೊಡಲಿಲ್ಲ. ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಮುಖ ಆಚೆ ತಿರುಗಿಸಿ, ಇನ್ನೊಂದು ದಮ್ಮು ಎಳೆದಳು.