ನಮ್ಮೋರೇ ಆದ್ರೆ ಬರ್ಕೊಡಿ

ಪರಿಚಯದವರ ಹತ್ತಿರ ಚೀಟಿ ಕೇಳುವುದೆಂದರೆ ನಮ್ಮ ಜನಕ್ಕೆ ಅದೇನೋ ನಾಚಿಕೆ. ಸೊಪ್ಪಿನವಳ ಹತ್ತಿರ ಎಂಟಾಣೆಗೆ ಜಗಳ ಆಡುತ್ತೇವೆ. ಸಾವಿರಾರು ರೂಪಾಯಿಯ ಮಿಷನ್ನನ್ನು ರಿಪೇರಿಗೆ ಕೊಟ್ಟಾಗ ಮಾತ್ರ ಕೈ ಬೀಸಿಕೊಂಡು ಮನೆಗೆ ಬರುತ್ತೇವೆ. ಬರೆದು ಕೊಡಿ ಅಂದರೆ ಅವರೇನು ಅಂದುಕೊಂಡಾರೋ ಅನ್ನುವ ಸಂಕೋಚ. ಈ ಹಾಳು ಸಂಕೋಚ ಒಂದು ಮಗುವಿನ ಮಾತನ್ನೇ ತಿಂದುಹಾಕಿತು. ಅದನ್ನು ಕಣ್ಣಾರೆ ನೋಡಿದವಳು ನಾನು. ಅದಕ್ಕೇ ಹೇಳುತ್ತಿದ್ದೇನೆ, ಸ್ವಲ್ಪ ಕೂತು ಕೇಳಿ.

ನಾನು ಜಲಜಮ್ಮ. ತಮಿಳುನಾಡಿನ ಹೊಸೂರಿನ ಕೆರೆ ಬೀದಿಯಲ್ಲಿ ನಮ್ಮ ಮನೆ. ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇರುವವರು ಚನ್ನಕೇಶವ, ಅವನ ಹೆಂಡತಿ ಸಹನಾ, ತಾಯಿ ಚಿಕ್ಕತಾಯಮ್ಮ. ಮಾಗಡಿ ಕಡೆಯ ಜನ. ಚನ್ನಕೇಶವನಿಗೆ ಸಿಪ್‌ಕಾಟಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅವರಿಗೆ ಒಬ್ಬಳೇ ಮಗಳು, ಹರ್ಷಿತಾ. ಮಗುವಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮೂರು ವರ್ಷವಾದರೂ ಬಾಯಲ್ಲಿ ಒಂದು ಮಾತು ಬಂದಿರಲಿಲ್ಲ.

ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಪೂರ್ತಿ ಹೋಗಿಲ್ಲ, ಒಳ್ಳೆಯ ಕಿವಿ ಮಿಷನ್ ಹಾಕಿದರೆ ಕೇಳಿಸುತ್ತದೆ, ಕೇಳಿಸಿದರೆ ಮಾತೂ ಬರುತ್ತದೆ ಅಂದರಂತೆ. ಆದರೆ ತಡ ಮಾಡಬೇಡಿ, ಮಾತು ಕಲಿಯುವ ವಯಸ್ಸು ದಾಟಿಹೋದರೆ ಮತ್ತೆ ಸಿಗುವುದಿಲ್ಲ ಅಂತ ಎಚ್ಚರಿಸಿದರಂತೆ. ಸಹನಾ ತನ್ನ ಓಲೆಗಳನ್ನು ಮಾರಿದಳು. ಅಮ್ಮನ ಕಿವಿದು ಮಗಳ ಕಿವಿಗೆ ಹೋಯ್ತು ಅಂತ ಚಿಕ್ಕತಾಯಮ್ಮ ಎಲ್ಲರ ಹತ್ತಿರವೂ ಹೇಳಿಕೊಂಡು ನಗುತ್ತಿದ್ದಳು. ಎರಡು ಸಾವಿರದ ಏಳರ ದೀಪಾವಳಿ ಹೊತ್ತಿಗೆ ಹೊಸೂರಿನದೇ ಒಂದು ಅಂಗಡಿಯಿಂದ ಮಿಷನ್ ಬಂತು. ಒಂದು ವರ್ಷ ವಾರಂಟಿ.

ಆಮೇಲಿನ ದಿನಗಳನ್ನು ನಾನು ಮರೆಯಲಾರೆ. ಮಗು ಮೊದಲು ನಲ್ಲಿ ನೀರಿನ ಸದ್ದಿಗೆ ತಿರುಗಿತು. ಆಮೇಲೆ ಕಾಗೆ, ಆಮೇಲೆ ಹೆಸರು. ಮಗು ಹೋಗುತ್ತಿದ್ದ ವಿಶೇಷ ಶಾಲೆಯ ಟೀಚರು ಹೇಳಿಕೊಟ್ಟಂತೆ ಚಿಕ್ಕತಾಯಮ್ಮ ಹೊಸ್ತಿಲ ಮೇಲೆ ಕೂತು, ಮಗುವಿನ ಬೆನ್ನ ಹಿಂದಿನಿಂದ "ಅಜ್ಜಿ ಅನ್ನು" ಅಂತ ದಿನವೂ ಕರೆಯುತ್ತಿದ್ದಳು. ಮಗು "ಅಮ್ಮ" ಕಲಿಯಿತು, "ಬಾ" ಕಲಿಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ "ಅಜ್ಜಿ" ಅಂದೇಬಿಟ್ಟಿತು. ಆ ಮುದುಕಿ ನಮ್ಮ ಅಡುಗೆಮನೆವರೆಗೂ ಓಡಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಮಿಷನ್ ಕಾಟ ಕೊಡಲು ಶುರುಮಾಡಿತು. ಒಂದಷ್ಟು ಹೊತ್ತು ಕೇಳಿಸುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಬ್ಯಾಟರಿ ಬದಲಾಯಿಸಿದರೂ ಅದೇ ಕಥೆ. ಚನ್ನಕೇಶವ ಅಂಗಡಿಗೆ ಓಡಿದ. ಓನರು ತಮಿಳಿನಲ್ಲಿ ಗಡಗಡ ಮಾತಾಡುವವರು. ಇವನಿಗೆ ತಮಿಳು ಅರ್ಥವಾದರೂ ನಾಲಗೆ ಹೊರಳದು. ಆಗ ಒಳಗಿನಿಂದ ಬಂದ ರಿಪೇರಿ ಹುಡುಗ ಶಶಿಕುಮಾರ, "ಏನಣ್ಣ, ಯಾವೂರು" ಅಂತ ಕನ್ನಡದಲ್ಲಿ ಕೇಳಿದ. ಅವನೂ ಮಾಗಡಿ ಕಡೆಯವನೇ. ಚನ್ನಕೇಶವನಿಗೆ ಹೋದ ಜೀವ ಬಂದಂತಾಯಿತು.

ಮಿಷನ್ನನ್ನು ಎರಡು ದಿನ ಇಟ್ಟುಕೊಂಡು, ಕ್ಲೀನ್ ಮಾಡಿ, ಅವನೇ ಮನೆಗೆ ತಂದುಕೊಟ್ಟ. ಸಹನಾ ಕಾಫಿ ಕೊಟ್ಟಳು, ಚಿಕ್ಕತಾಯಮ್ಮ ನಿಪ್ಪಟ್ಟು ಕೊಟ್ಟಳು. ನನ್ನ ಸೊಸೆ ಶ್ರೀರಂಜನಿ ಅಲ್ಲೇ ಬಟ್ಟೆ ಹರವುತ್ತಿದ್ದಳು. ಅವಳು ಸ್ಕೂಲ್ ಟೀಚರು, ಗ್ರಾಹಕರ ಸಂಘದಲ್ಲೂ ಓಡಾಡುತ್ತಾಳೆ. ಎಲ್ಲದಕ್ಕೂ ಒಂದು ಕಾನೂನು ಹೇಳುತ್ತಾಳೆ ಅಂತ ನಾನೇ ಅವಳನ್ನು ಬೈಯುವುದುಂಟು. ರಿಪೇರಿಗೆ ತಗೊಂಡಿದ್ದಕ್ಕೆ, ವಾಪಸ್ ಕೊಟ್ಟಿದ್ದಕ್ಕೆ ತಾರೀಖು ಹಾಕಿ ಒಂದು ಚೀಟಿ ಕೊಟ್ಟುಬಿಡಪ್ಪ ಅಂದಳು. ಶಶಿಕುಮಾರ ನಕ್ಕ.

"ಚೀಟಿ ಗೀಟಿ ಯಾಕಕ್ಕ? ನಾವು ನಾವು ನಮ್ಮೋರೇ ಅಲ್ವಾ?"

ಚನ್ನಕೇಶವನ ಮುಖ ಸಣ್ಣದಾಯಿತು. ಶಶಿಕುಮಾರ ಹೋದ ಮೇಲೆ ಅವನು ಶ್ರೀರಂಜನಿಗೆ, ಪರಸ್ಥಳದಲ್ಲಿ ನಮ್ಮ ಭಾಷೆ ಆಡೋನು ಒಬ್ಬ ಸಿಕ್ಕಿದ್ದಾನೆ, ಅವನ ಹತ್ತಿರ ಕಾಗದ ಕೇಳಿದರೆ ನಿನ್ನ ನಂಬಲ್ಲ ಅಂದಹಾಗೆ ಆಗುತ್ತಕ್ಕ, ದಯವಿಟ್ಟು ಹಾಗೆ ಕೇಳಬೇಡಿ ಅಂತ ಕೈ ಮುಗಿದು ಹೇಳಿದ. ಅವಳು ಮತ್ತೆ ಬಟ್ಟೆ ಹರವಲು ಹೋದಳು.

ಆಷಾಢದಲ್ಲಿ ಮತ್ತೆ ಕೆಟ್ಟಿತು. ಮತ್ತೆ ಶಶಿಕುಮಾರ, ಮತ್ತೆ ಕಾಫಿ, ಮತ್ತೆ ಚೀಟಿಯಿಲ್ಲ. ದಸರೆಯಲ್ಲಿ ಮೂರನೇ ಸಲ ಕೆಟ್ಟಾಗ, ಕಂಪನಿಯಿಂದ ಹೊಸ ಪಾರ್ಟು ಬರಬೇಕಣ್ಣ, ಇಲ್ಲೇ ಇರಲಿ, ಬಂದ ಕೂಡಲೆ ಹಾಕಿಕೊಡ್ತೀನಿ ಅಂದ. ಇಂದು ನಾಳೆ ಅನ್ನುತ್ತಾ ದೀಪಾವಳಿ ಕಳೆಯಿತು. ಆಮೇಲೆ ಒಂದು ದಿನ ಓನರು ಚನ್ನಕೇಶವನನ್ನು ಕರೆದು, ವಾರಂಟಿ ಮುಗಿದಿದೆ, ಪಾರ್ಟಿನ ದುಡ್ಡು ನೀವೇ ಕೊಡಬೇಕು ಅಂದರು. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಮಿಷನ್ನೇ ಬರುತ್ತಿತ್ತು. ವಾರಂಟಿ ಒಳಗೇ ಮೂರು ಸಲ ತಂದಿದ್ದೆನಲ್ಲ ಅಂದರೆ, ಯಾವಾಗ ತಂದಿರಿ, ಅದಕ್ಕೇನಿದೆ ಗುರುತು ಅಂತ ಕೇಳಿದರಂತೆ. ಮಗುವಿನ ಬೆವರು ಒಳಗೆ ಹೋಗಿ ಹಾಳಾಗಿದೆ, ತಪ್ಪು ನಿಮ್ಮದೇ ಅಂತಲೂ ಅಂದರಂತೆ. ಶಶಿಕುಮಾರ ಅಲ್ಲೇ ಬೇರೊಂದು ಮಿಷನ್ ಬಿಚ್ಚುತ್ತಾ ಕೂತಿದ್ದ. ತಲೆ ಎತ್ತಲಿಲ್ಲ.

ಚನ್ನಕೇಶವ ಕೆಟ್ಟ ಮಿಷನ್ನನ್ನು ಜೇಬಿಗೆ ಹಾಕಿಕೊಂಡು ಬಂದ. ಶ್ರೀರಂಜನಿ ದೂರು ಕೊಡೋಣ ಅಂದಳು. ಅವನು ಒಪ್ಪಲಿಲ್ಲ. ವಾರಂಟಿ ಮುಗಿದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು, ನಾವು ಬೇರೆ ಕಡೆಯ ಜನ, ಜಿಲ್ಲಾ ಕೇಂದ್ರ ಕೃಷ್ಣಗಿರಿಯ ತಮಿಳು ಕೋರ್ಟಿನಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ ಅಂದ. ಓವರ್‌ಟೈಮ್ ಮಾಡಿ ಇನ್ನೊಂದು ಕೊಳ್ಳುತ್ತೇನೆ ಅಂದ. ಅದು ಆಗುವ ಮಾತಲ್ಲ ಅಂತ ಅವನಿಗೂ ಗೊತ್ತಿತ್ತು. ಆ ವರ್ಷ ಫ್ಯಾಕ್ಟರಿಯಲ್ಲಿ ಓವರ್‌ಟೈಮೇ ಇರಲಿಲ್ಲ.

ಶಾಲೆಯಲ್ಲಿ ಒಂದು ಹಳೆಯ ಮಿಷನ್ ಇತ್ತು. ಅದನ್ನು ಪಾಠದ ಹೊತ್ತಿನಲ್ಲಿ ಮಾತ್ರ, ಮಕ್ಕಳು ಸರದಿಯ ಮೇಲೆ ಹಾಕಿಕೊಳ್ಳಬೇಕು. ಮನೆಗೆ ಬಂದರೆ ಮಗುವಿಗೆ ಮತ್ತೆ ನಿಶ್ಶಬ್ದ. ಮೊದಲು "ಬಾ" ಹೋಯಿತು. "ಅಮ್ಮ" ಉಳಿಯಿತು, ಅದು ತುಟಿ ನೋಡಿ ಹೇಳುವ ಮಾತು. ಒಂದು ಸಂಜೆ ಚಿಕ್ಕತಾಯಮ್ಮ ಮಗನ ಮುಂದೆ ಬಂದು ನಿಂತಳು.

"ಕೂಸು ನನ್ನ ಕರೀತಿಲ್ಲ ಕಣ್ಲಾ ಕೇಶವ. ಸೆರಗು ಎಳೀತದೆ, ಅಷ್ಟೇಯ. ಅಜ್ಜಿ ಅನ್ನೋದು ಮರ್ತೋಗದೆ."

ಚನ್ನಕೇಶವ ಎದ್ದು ನಮ್ಮ ಬಾಗಿಲಿಗೆ ಬಂದು, ಏನು ಮಾಡಬೇಕು ಹೇಳಿ ಅಕ್ಕ ಅಂದ.

ಶ್ರೀರಂಜನಿ ಅವನನ್ನು ಕೂರಿಸಿಕೊಂಡು ಹೇಳಿದಳು. "ನೋಡಿ, ವಾರಂಟಿ ಅನ್ನೋದು ಕಂಪನಿ ಕೊಟ್ಟ ಮಾತು. ಹಕ್ಕು ಅನ್ನೋದು ಕಾನೂನು ಕೊಟ್ಟಿದ್ದು. ಆ ಮಾತಿನ ಅವಧಿ ಮುಗೀತು ಅಂತ ಹಕ್ಕು ಮುಗಿಯಲ್ಲ. ವಾರಂಟಿ ಒಳಗೆ ನೀವು ಹೇಳಿದ ತೊಂದರೆನ ಅವರು ಸರಿಯಾಗಿ ರಿಪೇರಿ ಮಾಡದೆ ದಿನ ತಳ್ಳಿದ್ರೆ, ಆ ತಪ್ಪು ಅವರದ್ದು. ತಯಾರಾಗುವಾಗಲೇ ಒಳಗೆ ದೋಷ ಇದ್ದು, ಅದು ಆಮೇಲೆ ಗೊತ್ತಾದ್ರೂ ಕೇಳಬಹುದು."

ನಾನು ಬಾಯಿ ಹಾಕಿದೆ. ಹಾಗಾದರೆ ಕೆಟ್ಟದ್ದಕ್ಕೆಲ್ಲಾ ಅಂಗಡಿಯವರೇ ಹೊಣೆಯೇ ಅಂದೆ. ಇಲ್ಲ ಅತ್ತೆ ಅಂದಳು. ಕೈಜಾರಿ ಬಿದ್ದು ಒಡೆದಿದ್ದರೆ, ನೀರಿಗೆ ಬಿದ್ದಿದ್ದರೆ, ಬಳಸಿ ಬಳಸಿ ಸವೆದಿದ್ದರೆ ಕೇಳಲು ಬರುವುದಿಲ್ಲವಂತೆ. ದೂರು ಕೊಡುವುದಕ್ಕೂ ಗಡುವಿದೆಯಂತೆ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ವೇದಿಕೆಗೆ ಹೋಗಬೇಕು. ವಕೀಲರು ಇರಲೇಬೇಕು ಅಂತಿಲ್ಲ, ಶುಲ್ಕವೂ ಚಿಕ್ಕದು. ಊರು ಯಾವುದು, ಮನೆಮಾತು ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ದುಡ್ಡು ಕೊಟ್ಟು ಕೊಂಡವನು ಗ್ರಾಹಕ ಅಂದಳು.

ಪುಣ್ಯಕ್ಕೆ ಬಿಲ್ಲನ್ನು ಸಹನಾ ತನ್ನ ಸೀರೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅಂಗಡಿಗೊಂದು, ಕಂಪನಿಗೊಂದು ಕಾಗದ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರು. ತಲುಪಿತು ಅನ್ನುವುದಕ್ಕೆ ಸಹಿಯಾದ ಕಾರ್ಡು ವಾಪಸ್ ಬಂತು, ಉತ್ತರ ಬರಲಿಲ್ಲ. ತಿಂಗಳು ಕಾದು ಕೃಷ್ಣಗಿರಿಗೆ ಬಸ್ ಹತ್ತಿದರು. ನಾನೂ ಹೋದೆ. ವೇದಿಕೆಯ ಬೋರ್ಡಿನ ಮೇಲೆ ತಮಿಳಿನಲ್ಲಿ ನುಗರ್ವೋರ್ ಅಂತಿತ್ತು. ಅದೇನಕ್ಕ ಅಂದ ಚನ್ನಕೇಶವ. ಅದು ನೀವೇ, ಗ್ರಾಹಕ ಅಂದಳು ಶ್ರೀರಂಜನಿ.

ದೂರು ಕೊಟ್ಟ ಮೇಲೆ ಅಂಗಡಿಯವರು ವೇದಿಕೆಗೆ ಉತ್ತರ ಕೊಟ್ಟರು. ಇವರು ವಾರಂಟಿ ಒಳಗೆ ಒಂದು ಸಲವೂ ನಮ್ಮ ಹತ್ತಿರ ಬಂದಿಲ್ಲ ಅಂತ ಬರೆದಿತ್ತು. ಕೆಳಗೆ ಸಾಕ್ಷಿ ಅಂತ ಶಶಿಕುಮಾರನ ಸಹಿ. ನನಗೆ ಮೈಯೆಲ್ಲಾ ಉರಿದುಹೋಯಿತು. ನಿಪ್ಪಟ್ಟು ತಿಂದ ಬಾಯಿ ಸೇದಿಹೋಗಲಿ ಅಂದುಬಿಟ್ಟೆ. ಚಿಕ್ಕತಾಯಮ್ಮನೇ ನನ್ನನ್ನು ತಡೆದಳು. ಸಹಿ ಹಾಕದಿದ್ದರೆ ಆ ಹುಡುಗನ ಕೆಲಸ ಹೋಗುತ್ತಿತ್ತು, ಅವನ ಮನೆಯಲ್ಲೂ ಮುದುಕಿ ಇರುತ್ತಾಳೆ ಬಿಡಿ ಅಂದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ.

ವಿಚಾರಣೆಯ ದಿನ ವೇದಿಕೆಯ ಅಧ್ಯಕ್ಷರು ಚನ್ನಕೇಶವನ ಮಾತನ್ನು ಶ್ರೀರಂಜನಿಯ ತಮಿಳಿನಲ್ಲಿ ಪೂರ್ತಿ ಕೇಳಿದರು. ಆಮೇಲೆ ಮೆತ್ತಗೆ, "ಸೀಟ್ಟು ಏದಾವದು ಇರುಕ್ಕಾ?" ಅಂದರು. ಚೀಟಿ ಏನಾದರೂ ಇದೆಯಾ ಅಂತ. ಅಷ್ಟು ತಮಿಳು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಇಲ್ಲ ಅಂತ ತಲೆಯಾಡಿಸಿದ.

ಆಗ ಶ್ರೀರಂಜನಿ ಹೇಳಿಕೊಟ್ಟಂತೆ, ಮಿಷನ್ನನ್ನೇ ಪರೀಕ್ಷೆಗೆ ಕಳಿಸಿ ಅಂತ ಚನ್ನಕೇಶವ ಬರೆದುಕೊಟ್ಟ. ಅದು ಲ್ಯಾಬಿಗೆ ಹೋಯಿತು. ವರದಿ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ವಾಯಿದೆಯ ಮೇಲೆ ವಾಯಿದೆ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಒಂದು ವಾಯಿದೆ ಅಂದರೆ ಚನ್ನಕೇಶವನಿಗೆ ಒಂದು ದಿನದ ಕೆಲಸ ಹೋದಂತೆ. ಆ ದಿನಗಳಲ್ಲಿ ಹರ್ಷಿತಾ ಮಾತಿಗೆ ಪ್ರಯತ್ನ ಮಾಡುವುದನ್ನೇ ಬಿಟ್ಟಳು. ಕೈ ತೋರಿಸುತ್ತಿದ್ದಳು, ಕೊಡದಿದ್ದರೆ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಚಿಕ್ಕತಾಯಮ್ಮ ಹೊಸ್ತಿಲ ಮೇಲೆ ಕೂರುವುದನ್ನು ಬಿಟ್ಟು ಒಳಗೇ ಇರತೊಡಗಿದಳು.

ಕೊನೆಗೆ ವರದಿ ಬಂತು. ಬೆವರು ಒಳಗೆ ಹೋಗಿಲ್ಲ, ಒಳಗಿನ ಒಂದು ಬೆಸುಗೆ ತಯಾರಾಗುವಾಗಲೇ ಸರಿಯಾಗಿ ಕೂತಿಲ್ಲ ಅಂತ ಇತ್ತು. ಹೊಸ ಮಿಷನ್ ಕೊಡಬೇಕು, ಅಲೆದಾಡಿಸಿದ್ದಕ್ಕೆ ಪರಿಹಾರವನ್ನೂ ಖರ್ಚನ್ನೂ ಕೊಡಬೇಕು ಅಂತ ಆದೇಶವಾಯಿತು. ಅಧ್ಯಕ್ಷರು ಕೊನೆಯಲ್ಲಿ ಒಂದು ಮಾತು ಹೇಳಿದರು. ರಿಪೇರಿಗೆ ಕೊಟ್ಟಿದ್ದಕ್ಕೆ ಒಂದೇ ಒಂದು ಚೀಟಿ ಇದ್ದಿದ್ದರೂ ಈ ದೂರು ಎಷ್ಟೋ ತಿಂಗಳ ಹಿಂದೆಯೇ ಮುಗಿಯುತ್ತಿತ್ತು ಅಂತ. ಶ್ರೀರಂಜನಿ ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಚನ್ನಕೇಶವನ ಕಣ್ಣು ತುಂಬಿತ್ತು.

ಹೊಸ ಮಿಷನ್ ತರಲು ಅಂಗಡಿಗೆ ಹೋದಾಗ ಶಶಿಕುಮಾರನೇ ಇದ್ದ. ಮಗುವಿನ ಕಿವಿ ಬೆಳೆದಿತ್ತು, ಕಿವಿಯೊಳಗೆ ಕೂರುವ ಅಚ್ಚನ್ನು ಬದಲಾಯಿಸಲು ಮಿಷನ್ನನ್ನು ಎರಡು ದಿನ ಅಲ್ಲೇ ಬಿಡಬೇಕಿತ್ತು. ಚನ್ನಕೇಶವ ಚೀಟಿ ಕೇಳಿದ. ಎರಡೇ ದಿನ ಅಲ್ವಾ ಅಣ್ಣ ಅಂತ ಶಶಿಕುಮಾರ ತಡವರಿಸಿದ.

"ನಮ್ಮೋನೇ ಆದ್ರೆ ಬರ್ಕೊಡಪ್ಪ," ಅಂದ ಚನ್ನಕೇಶವ. ದನಿ ಏರಿಸಲಿಲ್ಲ.

ಶಶಿಕುಮಾರ ತಾರೀಖು ಹಾಕಿ, ಸಹಿ ಮಾಡಿ, ಸೀಲು ಒತ್ತಿ ಕೊಟ್ಟ.

ಮಿಷನ್ ಹಾಕಿದ ದಿನ ಚಿಕ್ಕತಾಯಮ್ಮ ಮತ್ತೆ ಹೊಸ್ತಿಲ ಮೇಲೆ ಕೂತಳು. ಬೆನ್ನ ಹಿಂದಿನಿಂದ ಕರೆದಳು. ಮಗು ತಿರುಗಲಿಲ್ಲ. ಇನ್ನೊಮ್ಮೆ ಕರೆದಾಗ ಬೆಚ್ಚಿ, ಮಿಷನ್ನನ್ನು ಕಿತ್ತು ಎಸೆಯಲು ಹೋಯಿತು. ಸದ್ದು ಅಂದರೆ ಏನು ಅನ್ನುವುದೇ ಅದಕ್ಕೆ ಮರೆತುಹೋಗಿತ್ತು. ಮೊದಲಿನಿಂದ ಶುರು ಮಾಡಬೇಕು, ಈ ವಯಸ್ಸಿನಲ್ಲಿ ಕಳೆದ ತಿಂಗಳುಗಳು ಹಾಗೇ ವಾಪಸ್ ಬರುವುದಿಲ್ಲ, ಎಷ್ಟು ಬರುತ್ತೋ ಅಷ್ಟು ಅಂದರು ಟೀಚರು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ಟಿವಿಯೋ, ಫೋನೋ, ಮಿಕ್ಸಿಯೋ ಇದೆ. ಬಿಲ್ಲನ್ನು ಎಸೆಯಬೇಡಿ. ರಿಪೇರಿಗೆ ಕೊಟ್ಟಾಗಲೆಲ್ಲಾ, ಒಂದು ದಿನಕ್ಕೇ ಆಗಲಿ, ಗುರುತಿನವರಿಗೇ ಆಗಲಿ, ತಾರೀಖು ಹಾಕಿದ ಚೀಟಿ ಇಸಿದುಕೊಳ್ಳಿ. ವಾರಂಟಿ ಮುಗಿಯಿತು ಅಂದ ಕೂಡಲೆ ಬಾಯಿ ಮುಚ್ಚಿಕೊಂಡು ಬರಬೇಡಿ. ಕಾಗದ ಬರೆಯಿರಿ, ರಿಜಿಸ್ಟರ್ ಮಾಡಿ. ಕೇಳದಿದ್ದರೆ ಎರಡು ವರ್ಷದೊಳಗೆ ಗ್ರಾಹಕರ ವೇದಿಕೆಗೆ ಹೋಗಿ. ಕೇಳಲು ನಾಚಿಕೆಯಾದರೆ ನಮ್ಮ ಬೀದಿಗೆ ಬನ್ನಿ. ದಿನವೂ ದೀಪ ಹಚ್ಚುವ ಹೊತ್ತಿಗೆ ಹಿಂದಿನ ಮನೆಯ ಹೊಸ್ತಿಲ ಮೇಲೆ ಕೂತು ಆ ಮುದುಕಿ, "ಅಜ್ಜಿ ಅನ್ನು, ಮಗ, ಅಜ್ಜಿ ಅನ್ನು" ಅಂತ ಕರೆಯುತ್ತಿರುತ್ತಾಳೆ. ಮಗು ಈಗ ತಿರುಗಿ ನೋಡುತ್ತದೆ. ಇನ್ನೂ ಅಂದಿಲ್ಲ.