ಅವಳಿಗಳ ಪಾಲು

ಗಂಗರಾಜು ಕ್ವಾರ್ಟರ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಸತ್ತವನ ಅವಳಿ ತಮ್ಮ ಲಕ್ಕಯ್ಯ ಅವನ ಕೈ ಹಿಡಿದುಕೊಂಡ.

"ಬ್ಯಾಡ ಕಣ್ಲಾ ಗಂಗ."

ಜಗಲಿಯ ಮೇಲೆ ದುರ್ಗಯ್ಯನನ್ನು ಮಲಗಿಸಿದ್ದರು. ಬಂದವರೆಲ್ಲ ಚೊಂಬಿನಿಂದ ಒಂದೊಂದು ತೊಟ್ಟು ನೀರು ಬಾಯಿಗೆ ಬಿಟ್ಟಾಗಿತ್ತು. ಇನ್ನು ಎತ್ತುವುದೊಂದೇ ಬಾಕಿ.

"ಇಪ್ಪತ್ತು ವರ್ಷ ನೊಣವಿನಕೆರೆ ಸುತ್ತ ಒಂದ್ ತೋಟ ಬುಡ್ದಂಗೆ ಜೊತೇಲಿ ಕಾಯಿ ಸುಲ್ದಿದೀವಿ," ಎಂದ ಗಂಗರಾಜು. "ನನ್ ಜೊತೆ ಕೂತು ಒಂದಿನಾನೂ ಕುಡೀಲಿಲ್ಲ. ಕದ್ದು ಕುಡ್ದು ಹೊಟ್ಟೆ ಊದಿಸ್ಕಂಡ. ಇವತ್ತಾದ್ರೂ ನನ್ ಕೈಯಿಂದ ಕುಡೀಲಿ ಬುಡು."

ಊರಿಗೆಲ್ಲ ಗೊತ್ತಿದ್ದ ಮಾತೇ ಅದು. ಹಳದಿ ಕಣ್ಣು, ಊದಿದ ಹೊಟ್ಟೆ, ಸಾಲದ್ದಕ್ಕೆ ದಿನಾ ಸಂಜೆ ವೈನ್ ಶಾಪಿನ ಬಾಗಿಲಲ್ಲಿ ಹಾಜರಿ. ದುರ್ಗಯ್ಯ ಅಲ್ಲಿಗೆ ಬರುತ್ತಿದ್ದದ್ದು ಒಳಗೆ ಬಿದ್ದಿರುತ್ತಿದ್ದ ಲಕ್ಕಯ್ಯನನ್ನು ಮನೆಗೆ ಕರೆದೊಯ್ಯಲು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಲಕ್ಕಯ್ಯ ಹಿಡಿದ ಕೈ ಬಿಡದೆ ಜಗಲಿಯತ್ತ ನೋಡಿದ. ದುರ್ಗಯ್ಯನ ಒಬ್ಬಳೇ ಮಗಳು ಶಾಂತಕುಮಾರಿ ಅಪ್ಪನ ಕಾಲ ಬಳಿ ಕೂತಿದ್ದಳು. ಅವಳನ್ನು ಗಂಗರಾಜುವಿನ ಮಗನಿಗೇ ಕೊಡುವ ಮಾತಾಗಿತ್ತು.

*

ನಾಲ್ಕು ವರ್ಷದ ಹಿಂದೆ ತುಮಕೂರಿನ ಡಾಕ್ಟರು ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದರು. ಹೆಪಟೈಟಿಸ್ ಬಿ. ಹರೆಯದಲ್ಲಿ ಜ್ವರ ಬಂದಾಗ ಅಣ್ಣ ತಮ್ಮ ಒಂದೇ ದಿನ ಒಂದೇ ಸೂಜಿಯಲ್ಲಿ ಚುಚ್ಚಿಸಿಕೊಂಡಿದ್ದರು, ಬಹುಶಃ ಅದರಿಂದಲೇ. ಲಕ್ಕಯ್ಯನ ರಕ್ತದಲ್ಲಿ ವೈರಸ್ ಬಂದುಹೋದ ಗುರುತಷ್ಟೇ ಇತ್ತು. ದುರ್ಗಯ್ಯನಲ್ಲಿ ಅದು ಬೀಡುಬಿಟ್ಟು ಲಿವರನ್ನು ಹಾಳುಮಾಡಿತ್ತು.

"ಕುಡಿಯೋನು ನಾನು ಸಾರ್. ಕಾಯ್ಲೆ ಅವನಿಗ್ಯಾಕೆ?"

"ವೈರಸ್ಸನ್ನ ಗುರುತು ಹಿಡಿದು ಓಡಿಸೋ ಶಕ್ತಿ ಎಲ್ಲರಿಗೂ ಒಂದೇ ಥರ ಇರಲ್ಲಪ್ಪ. ಒಂದು ಮಟ್ಟಿಗೆ ಅದು ಅಪ್ಪ ಅಮ್ಮನ ಜೀನಿಂದ ಬರುತ್ತೆ. ಅವಳಿ ಆದ್ರೂ ನೀವಿಬ್ಬರು ಒಂದೇ ಅಚ್ಚಲ್ಲ. ನಿನ್ನ ಪಾಲಿಗೆ ಬಂದದ್ದು ಅವನಿಗೆ ಬಂದಿಲ್ಲದೆ ಇರಬಹುದು."

ಭಾಗ ಮಾಡಿಕೊಳ್ಳಲು ಅವರಪ್ಪ ಒಂದು ತೆಂಗಿನಮರವನ್ನೂ ಬಿಟ್ಟುಹೋಗಿರಲಿಲ್ಲ. ಹುಟ್ಟುವಾಗಲೇ ಆಗಿಹೋದ ಈ ಒಂದು ಭಾಗದಲ್ಲಿ ಅಣ್ಣನಿಗೆ ಮೋಸ ಮಾಡಿಬಿಟ್ಟೆ ಅನ್ನಿಸಿತು ಲಕ್ಕಯ್ಯನಿಗೆ. ಆ ಸಂಕಟಕ್ಕೆ ಮುಂದೆ ಇನ್ನಷ್ಟು ಕುಡಿಯತೊಡಗಿದ.

ಆ ದಿನ ತುಮಕೂರಿನಿಂದ ವಾಪಸ್ ಬರುವಾಗ ಬಸ್ಸಿನಲ್ಲೇ ದುರ್ಗಯ್ಯ ಅವನಿಂದ ಮಾತು ತಗೊಂಡ. "ಕುಡ್ದು ಕೆಟ್ಟ ಅಂತ್ಲೇ ಅಂದ್ಕಳ್ಲಿ. ಅಂಟುಜಾಡ್ಯ ಅಂದ್ರೆ ನನ್ ಮಗಳ್ನ ಯಾರ್ಲಾ ಮನೆ ತುಂಬಿಸ್ಕತಾರೆ?"

*

"ಕೈ ಬುಡ್ಲಾ," ಎಂದ ಗಂಗರಾಜು.

ಶಾಂತಕುಮಾರಿ ತಲೆಯೆತ್ತಿದಳು. "ಹೇಳ್ಬುಡು ಚಿಕ್ಕಪ್ಪ. ಅಪ್ಪನ್ನ ಕುಡುಕ ಅಂತ ಕಳಿಸ್ಬ್ಯಾಡ. ಆ ಮನೆಗೆ ನಾನು ಸುಳ್ಳು ಹೇಳ್ಕಂಡು ಹೋಗಲ್ಲ."

ಲಕ್ಕಯ್ಯ ಅಳುತ್ತಲೇ ಹೇಳಿದ. "ಅವನು ಒಂದ್ ತೊಟ್ಟೂ ಮುಟ್ದೋನಲ್ಲ. ಕುಡುಕ ನಾನು. ಅವನಿಗಿದ್ದದ್ದು ರಕ್ತದಿಂದ ಬರೋ ಕಾಮಾಲೆ. ನಂಗೂ ಬಂದಿತ್ತು, ಹೋಯ್ತು. ಅವನಿಗೆ ಹೋಗ್ಲಿಲ್ಲ. ಮಗೂಗೆ ಪರೀಕ್ಷೆ ಮಾಡ್ಸಿ ಲಸಿಕೆ ಹಾಕ್ಸಿದೀವಿ. ಅವಳಿಗೇನಿಲ್ಲ."

ಸುತ್ತ ನಿಂತವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಆಗಷ್ಟೇ ನೀರು ಬಿಟ್ಟಿದ್ದ ಹಿರಿಯರೊಬ್ಬರು ಕೈಯನ್ನು ಪಂಚೆಗೆ ಒರೆಸಿಕೊಂಡರು.

ಗಂಗರಾಜು ಬಾಟಲಿಯನ್ನು ಜೇಬಿಗಿಳಿಸಿದ. ಚೊಂಬಿನಲ್ಲಿ ಕೈಯದ್ದಿ, ಗೆಳೆಯನ ಒಣಗಿದ ತುಟಿಗಳನ್ನು ಬೆರಳಿನಿಂದಲೇ ತೇವ ಮಾಡಿದ. ಗಲ್ಲಕ್ಕಿಳಿದ ನೀರನ್ನು ತನ್ನ ಟವೆಲ್ಲಿನಿಂದ ಒರೆಸಿ, ಟವೆಲ್ಲನ್ನು ಮತ್ತೆ ಹೆಗಲಿಗೇ ಹಾಕಿಕೊಂಡ. ಹಿಂದೆ ಸರಿದವರ ನಡುವೆ ಅವನ ಮಗನೂ ಇದ್ದ.

"ಸೂರ್ಯಪ್ರಕಾಶ, ಬಾ ಇಲ್ಲಿ. ನಿಮ್ ಮಾವಂಗೆ ನೀರು ಬುಡು."

ಅವನು ಚಪ್ಪಲಿ ಕಳಚಿ ಜಗಲಿ ಹತ್ತಿದ. ಶಾಂತಕುಮಾರಿ ಅಪ್ಪನ ತಲೆಯನ್ನು ಮೆಲ್ಲಗೆ ಅವನ ಕಡೆಗೆ ತಿರುಗಿಸಿ ಹಿಡಿದಳು.